ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಸದಸ್ಯತ್ವದಲ್ಲಿ ಎಷ್ಟು ಕೋಟೆಗಳ ಬಾಗಿಲು ತೆರೆಯುತ್ತದೆ?

ಬ್ರಿಟನ್ನಿನ ಕೋಟೆ, ಅರಮನೆಗಳನ್ನು ಕಡಿಮೆ ಖರ್ಚಿನಲ್ಲಿ ನೋಡುವ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಉತ್ತರ ಪ್ರಕಟವಾಗಿತ್ತು. ಅದನ್ನು ಓದಿ ಅಲ್ಲಿ ನೆಲೆಸಿರುವ ಕನ್ನಡಿಗರೂ, ಅವರನ್ನು ನೋಡಲು ಹೊರಟಿರುವ ತಂದೆತಾಯಿಯರೂ ಪತ್ರ ಬರೆದಿದ್ದಾರೆ. ಹೆಚ್ಚಿನ ಪತ್ರಗಳು ಕೇಳಿರುವುದು ಒಂದೇ ವಿಷಯ: ಒಂದು ಸಂಸ್ಥೆಯ ಸದಸ್ಯರಾದವರನ್ನು ಇನ್ನೊಂದು ಸಂಸ್ಥೆಯ ತಾಣಗಳಿಗೂ ಬಿಡುವ ‘ಪರಸ್ಪರ ಪ್ರವೇಶ’ದ ಒಪ್ಪಂದಗಳು ಹೇಗೆ ನಡೆಯುತ್ತವೆ, ಅವುಗಳಿಂದ ನಿಜವಾಗಿ ಎಷ್ಟು ಹಣ ಉಳಿಯುತ್ತದೆ? ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಸದಸ್ಯತ್ವದ ದರಗಳು ವರ್ಷ ವರ್ಷವೂ ಬದಲಾಗುತ್ತವೆ. ಆದ್ದರಿಂದ ಪೌಂಡುಗಳ ಅಂಕಿ ಕೊಡುವ ಬದಲು ಲೆಕ್ಕ ಹಾಕುವ ದಾರಿಯನ್ನು ಹೇಳಿದ್ದೇನೆ. ಹಣ ಕಟ್ಟುವ ದಿನ ಆಯಾ ಸಂಸ್ಥೆಯ ಪುಟದಲ್ಲಿರುವ ದರವನ್ನೂ ನಿಯಮವನ್ನೂ ನೋಡಿಕೊಂಡು ಆ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ಪ್ರಶ್ನೆ: ನಾವು 2 ವರ್ಷದಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ನಾನು, ನನ್ನ ಪತ್ನಿ, 7 ಮತ್ತು 11 ವರ್ಷದ ಇಬ್ಬರು ಮಕ್ಕಳು. ನ್ಯಾಷನಲ್ ಟ್ರಸ್ಟ್ ಮತ್ತು ಇಂಗ್ಲಿಷ್ ಹೆರಿಟೇಜ್ ಇವೆರಡರಲ್ಲಿ ಒಂದಕ್ಕೆ ಮಾತ್ರ ಹಣ ಕಟ್ಟುವ ಯೋಚನೆ ಇದೆ. ಯಾವುದಾದರೂ ಒಂದರ ಕಾರ್ಡ್ ಇದ್ದರೆ ಸಾಕು, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಎಲ್ಲ ಕಡೆಯೂ ಪುಕ್ಕಟೆ ಪ್ರವೇಶ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೇ?
– ಬರ್ಮಿಂಗ್‌ಹ್ಯಾಮ್‌ನ ಓದುಗರು

ಉತ್ತರ: ಅರ್ಧ ನಿಜ, ಮತ್ತು ಉಳಿದ ಅರ್ಧದಲ್ಲಿಯೇ ಬಹಳ ಜನ ಹಣ ಕಳೆದುಕೊಳ್ಳುತ್ತಾರೆ. ಬ್ರಿಟನ್ನಿನ ಪಾರಂಪರಿಕ ಸಂಸ್ಥೆಗಳನ್ನು ಎರಡು ಮನೆತನಗಳೆಂದು ಭಾವಿಸಿದರೆ ವಿಷಯ ತಿಳಿಯಾಗುತ್ತದೆ. ಮನೆತನದ ಒಳಗೆ ಕೊಡುಕೊಳ್ಳುವ ಬಳಕೆ ಇದೆ. ಒಂದು ಮನೆತನಕ್ಕೂ ಇನ್ನೊಂದಕ್ಕೂ ನಡುವೆ ಅಂಥ ಬಳಕೆ ಸಾಮಾನ್ಯವಾಗಿ ಇಲ್ಲ.

ಮೊದಲನೆಯದು ಟ್ರಸ್ಟುಗಳ ಮನೆತನ. ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಮೂವರು 1895ರಲ್ಲಿ ಕಟ್ಟಿದ ನ್ಯಾಷನಲ್ ಟ್ರಸ್ಟ್ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನಲ್ಲಿ 1931ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಬೇರೆಯದೇ ಸಂಸ್ಥೆ ಇದೆ. ಇವೆರಡರಲ್ಲಿ ಒಂದರ ಸದಸ್ಯರಿಗೆ ಇನ್ನೊಂದರ ತಾಣಗಳಿಗೆ ಉಚಿತ ಪ್ರವೇಶವಿದ್ದು, ಮೊದಲ ವರ್ಷ, ಎರಡನೆಯ ವರ್ಷ ಎಂಬ ಭೇದವಿಲ್ಲ. ಎರಡನೆಯದು ಹೆಚ್ಚಾಗಿ ಕೋಟೆ, ಮಠ, ಶಿಲಾವರ್ತುಲಗಳನ್ನು ನೋಡಿಕೊಳ್ಳುವ ಮನೆತನ. ಇಂಗ್ಲೆಂಡಿನ ಇಂಗ್ಲಿಷ್ ಹೆರಿಟೇಜ್, ಸ್ಕಾಟ್ಲೆಂಡಿನ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್, ವೇಲ್ಸ್‌ನ ಕ್ಯಾಡೂ, ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್ ನ್ಯಾಷನಲ್ ಹೆರಿಟೇಜ್ ಇದರಲ್ಲಿ ಸೇರುತ್ತವೆ. ಇವುಗಳೊಳಗೂ ಪರಸ್ಪರ ಪ್ರವೇಶ ಇದೆ, ಆದರೆ ಅದಕ್ಕೊಂದು ಕಟ್ಟಳೆ ಇದೆ: ಹೊಸ ಸದಸ್ಯರಿಗೆ ಮೊದಲ ವರ್ಷ ನೆರೆಯ ಸಂಸ್ಥೆಯ ತಾಣಗಳಲ್ಲಿ ಅರ್ಧ ದರ, ಸದಸ್ಯತ್ವವನ್ನು ನವೀಕರಿಸಿದ ಮೇಲೆ ಉಚಿತ.

ಈ ಎರಡು ಮನೆತನಗಳು ಒಂದೇ ಜಗಲಿಯಲ್ಲಿ ಕುಳಿತಿರುವ ಕೆಲವು ಜಾಗಗಳು ಇವೆ. ಸ್ಟೋನ್‌ಹೆಂಜ್‌ನ ಕಲ್ಲುಗಳನ್ನು ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುತ್ತದೆ, ಅದರ ಸುತ್ತಲಿನ ವಿಶಾಲವಾದ ಹುಲ್ಲುಗಾವಲು ನ್ಯಾಷನಲ್ ಟ್ರಸ್ಟಿನದು. ಆದ್ದರಿಂದ ಈ ಎರಡೂ ಸಂಸ್ಥೆಗಳ ಸದಸ್ಯರಿಗೆ ಅಲ್ಲಿ ಟಿಕೆಟ್ ಬೇಕಿಲ್ಲ. ಹೇಡ್ರಿಯನ್ ಗೋಡೆಯ ಮೇಲಿರುವ ಹೌಸ್‌ಸ್ಟೆಡ್ಸ್ ರೋಮನ್ ಕೋಟೆಯ ಕಥೆಯೂ ಇದೇ. ಇದು ಭೂಮಿಯ ಒಡೆತನದಿಂದ ಬಂದ ಸೌಲಭ್ಯವೇ ಹೊರತು ಪರಸ್ಪರ ಪ್ರವೇಶದ ಒಪ್ಪಂದದಿಂದ ಬಂದದ್ದಲ್ಲ. ಸ್ಟೋನ್‌ಹೆಂಜ್‌ನಲ್ಲಿ ಒಂದು ಟ್ರಸ್ಟಿನ ಕಾರ್ಡ್ ನಡೆಯಿತು ಎಂಬುದರಿಂದ ಇಂಗ್ಲಿಷ್ ಹೆರಿಟೇಜ್‌ನ ಮಿಕ್ಕ ತಾಣಗಳಲ್ಲಿಯೂ ನಡೆಯುತ್ತದೆ ಎಂದು ತಿಳಿಯಬಾರದು.

ಇನ್ನು ನಿಮ್ಮ ಆಯ್ಕೆಯ ವಿಚಾರ. ನೀವಿಬ್ಬರೂ ಕುಳಿತು ಒಂದು ಕಾಗದದ ಮೇಲೆ ಈ ವರ್ಷ ಖಂಡಿತವಾಗಿ ಹೋಗುವ ಜಾಗಗಳ ಹೆಸರನ್ನು ಬರೆಯಿರಿ. ಹೋಗಬಹುದು ಎನ್ನಿಸುವ ಜಾಗಗಳನ್ನು ಬರೆಯಬೇಡಿ. ನಿಮ್ಮೂರಿನ ಆಸುಪಾಸಿನಲ್ಲಿ ಪ್ಯಾಕ್‌ವುಡ್ ಹೌಸ್, ಬ್ಯಾಡ್‌ಸ್ಲಿ ಕ್ಲಿಂಟನ್, ಚಾರ್ಲ್‌ಕೋಟ್ ಪಾರ್ಕ್ ಇವೆಲ್ಲ ನ್ಯಾಷನಲ್ ಟ್ರಸ್ಟಿನವು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ಮಕ್ಕಳನ್ನು ತೋಟದಲ್ಲಿ ಬಿಟ್ಟು, ಸಂಜೆಗೆ ಮನೆಗೆ ಮರಳುವ ಅಭ್ಯಾಸ ನಿಮ್ಮದಾದರೆ, ಟ್ರಸ್ಟಿನ ಪಾರ್ಕಿಂಗ್ ಸದಸ್ಯರಿಗೆ ಉಚಿತವಾಗಿರುವುದೂ ಸೇರಿ ಅದೇ ಲಾಭ. ಆದರೆ ಮಕ್ಕಳು ಕೋಟೆಯ ಗೋಡೆ ಹತ್ತುವ ವಯಸ್ಸಿನವರು. ಕೆನಿಲ್‌ವರ್ತ್ ಕೋಟೆ ನಿಮಗೆ ಹತ್ತಿರ, ಸ್ಟೋಕ್ಸೇ ಮತ್ತು ಗುಡ್ರಿಚ್ ಕೋಟೆಗಳಿಗೆ ಒಂದು ದಿನದಲ್ಲಿ ಹೋಗಿಬರಬಹುದು, ಇವು ಮೂರೂ ಇಂಗ್ಲಿಷ್ ಹೆರಿಟೇಜ್‌ನವು. ಅಲ್ಲಿ ಒಬ್ಬ ವಯಸ್ಕ ಸದಸ್ಯರ ಜೊತೆ 18 ವರ್ಷದೊಳಗಿನ 6 ಮಕ್ಕಳವರೆಗೆ ಉಚಿತವಾಗಿ ಹೋಗಬಹುದು. ಹಾಗಾಗಿ ಮಕ್ಕಳಿಗೆಂದು ಬೇರೆ ಹಣ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಎರಡನೆಯ ವರ್ಷ ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಪ್ರವಾಸ ಮಾಡುವ ಉದ್ದೇಶ ನಿಮಗಿದ್ದರೆ, ನನ್ನ ಅಭಿಪ್ರಾಯದಲ್ಲಿ ಇಂಗ್ಲಿಷ್ ಹೆರಿಟೇಜೇ ಮೇಲು.

ಸೇರುವ ಮುನ್ನ ಇನ್ನೊಂದು ಮಾತನ್ನು ನೆನಪಿಡಬೇಕು. ಇಂಗ್ಲಿಷ್ ಹೆರಿಟೇಜ್‌ನ 400ಕ್ಕೂ ಹೆಚ್ಚು ತಾಣಗಳಲ್ಲಿ ಅರ್ಧಕ್ಕೂ ಹೆಚ್ಚು ತಾಣಗಳಿಗೆ ಯಾರಿಗೂ ಟಿಕೆಟ್ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅಂಥವು ಇದ್ದರೆ ಅವನ್ನು ಹೊಡೆದುಹಾಕಿ, ಟಿಕೆಟ್ ಇರುವ ತಾಣಗಳನ್ನಷ್ಟೇ ಕೂಡಿ ನೋಡಿ. ಆ ಮೊತ್ತ ಸದಸ್ಯತ್ವದ ದರಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಅಸಲು ಹುಟ್ಟುತ್ತದೆ.

ಪ್ರಶ್ನೆ: ಕಳೆದ ತಿಂಗಳಷ್ಟೇ ಇಂಗ್ಲಿಷ್ ಹೆರಿಟೇಜ್‌ಗೆ ಸೇರಿದೆವು. ಬರುವ ಆಗಸ್ಟ್‌ನಲ್ಲಿ ಒಂದು ವಾರ ಸ್ಕಾಟ್ಲೆಂಡ್ ಪ್ರವಾಸ. ಎಡಿನ್‌ಬರೊ ಮತ್ತು ಸ್ಟರ್ಲಿಂಗ್ ಕೋಟೆಗಳನ್ನು ನೋಡಲೇಬೇಕು. ಅಲ್ಲಿನ ಪ್ರವಾಸಿ ಪಾಸ್ ಕೊಳ್ಳಬೇಕೇ, ಅರ್ಧ ದರದ ಟಿಕೆಟ್ ಸಾಕೇ?
– ರೆಡ್ಡಿಂಗ್‌ನ ಓದುಗರು

ಉತ್ತರ: ನಿಮ್ಮದು ಮೊದಲ ವರ್ಷವಾದ್ದರಿಂದ ಅರ್ಧ ದರ ಸಿಗುತ್ತದೆ. ಈ ಎರಡೂ ಕೋಟೆಗಳು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ನ ವಶದಲ್ಲಿವೆ, ಆದ್ದರಿಂದ ಎರಡು ಕಡೆಯೂ ನಿಮ್ಮ ಕಾರ್ಡಿಗೆ ಬೆಲೆ ಇದೆ. ಆ ಸಂಸ್ಥೆ ಪ್ರವಾಸಿಗರಿಗೆ ಎಕ್ಸ್‌ಪ್ಲೋರರ್ ಪಾಸ್ ಮಾರುತ್ತದೆ. ನೀವು ಹೋಗಲಿರುವ ಅದರ ತಾಣಗಳ ಪೂರ್ಣ ದರಗಳನ್ನು ಕೂಡಿ, ಎರಡರಿಂದ ಭಾಗಿಸಿ, ಬಂದ ಮೊತ್ತವನ್ನು ಪಾಸಿನ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ಕೇವಲ ಎರಡು ಮೂರು ಕೋಟೆಗಳಾದರೆ ಅರ್ಧ ದರವೇ ಅಗ್ಗವಾಗುತ್ತದೆ. ದಿನಕ್ಕೊಂದು ಕೋಟೆ ನೋಡುವವರಿಗೆ ಮಾತ್ರ ಪಾಸಿನ ಯೋಚನೆ ಬೇಕು.

ಪ್ರವಾಸವನ್ನು ಮುಂದೂಡಲು ಸಾಧ್ಯವಿದ್ದವರಿಗೆ ನಾನು ಬೇರೆಯ ಸಲಹೆ ಕೊಡುತ್ತೇನೆ. ನೀವು ಹೇಗೂ ಎರಡನೆಯ ವರ್ಷವೂ ಸದಸ್ಯರಾಗಿ ಮುಂದುವರಿಯುವವರಾದರೆ, ಮೊದಲ ವರ್ಷವನ್ನು ಇಂಗ್ಲೆಂಡಿನ ತಾಣಗಳಿಗೆ ಬಳಸಿ, ನವೀಕರಣವಾದ ಬೇಸಿಗೆಯಲ್ಲಿ ಉತ್ತರಕ್ಕೆ ಹೊರಡಿ. ಅದೇ ಎರಡು ಕೋಟೆಗಳಿಗೆ ಆಗ ಏನೂ ಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಸೇರಿದವರು ಮುಂದಿನ ವರ್ಷದ ಶಾಲಾ ರಜೆಯ ಹೊತ್ತಿಗೆ ನವೀಕರಣ ಮುಗಿಸಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ಸೇರಿದವರಿಗೆ ಮುಂದಿನ ವರ್ಷದ ಬೇಸಿಗೆಯೂ ಮೊದಲ ವರ್ಷದ ಲೆಕ್ಕಕ್ಕೇ ಬೀಳುತ್ತದೆ. ಸೇರುವ ತಿಂಗಳನ್ನು ಆರಿಸಿಕೊಳ್ಳುವುದರಲ್ಲಿಯೇ ಇಷ್ಟು ಹಣ ಉಳಿಯುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ನವೀಕರಣದ ದಿನ ದಾಟಿಹೋಗಲು ಬಿಡಬೇಡಿ. ನಡುವೆ ಕೈಬಿಟ್ಟು, ಮುಂದೆ ಯಾವಾಗಲೋ ಮತ್ತೆ ಸೇರಿದವರು ಹೊಸಬರ ಸಾಲಿನಲ್ಲಿ ನಿಲ್ಲಬೇಕಾದೀತು. ಪ್ರವಾಸದ ಹೊತ್ತಿಗೆ ಹೊಸ ಕಾರ್ಡ್ ಅಂಚೆಯಲ್ಲಿ ಬಂದಿರದಿದ್ದರೆ, ನವೀಕರಣವಾದ ಬಗ್ಗೆ ಸಂಸ್ಥೆ ಕಳುಹಿಸಿದ ಇಮೇಲನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಕೌಂಟರ್‌ನಲ್ಲಿ ಕುಳಿತವರಿಗೆ ಬೇಕಾದುದು ನೀವು ಎಷ್ಟನೆಯ ವರ್ಷದ ಸದಸ್ಯರು ಎಂಬ ಪುರಾವೆ. ಎಡಿನ್‌ಬರೊ ಕೋಟೆಗೆ ಆಗಸ್ಟ್‌ನಲ್ಲಿ ವಿಪರೀತ ಜನಸಂದಣಿ ಇರುತ್ತದೆ, ಆದ್ದರಿಂದ ಪ್ರವೇಶದ ಸಮಯವನ್ನು ಮುಂಚೆಯೇ ಕಾದಿರಿಸಿ. ಮಕ್ಕಳ ಟಿಕೆಟ್ ವಿಷಯವನ್ನೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು. ತನ್ನ ತಾಣಗಳಲ್ಲಿ ಒಂದು ಸಂಸ್ಥೆ ಸದಸ್ಯರ ಮಕ್ಕಳಿಗೆ ಕೊಡುವ ರಿಯಾಯಿತಿಯನ್ನು ನೆರೆಯ ಸಂಸ್ಥೆಯೂ ಹಾಗೆಯೇ ಕೊಡಬೇಕೆಂಬ ನಿಯಮವಿಲ್ಲ.

ಕಲ್ಲೋಡನ್ ಯುದ್ಧಭೂಮಿಯ ಕೇಂದ್ರ ಅಥವಾ ಕಲ್ಲೇನ್ ಕೋಟೆ ನಿಮ್ಮ ಪಟ್ಟಿಯಲ್ಲಿದ್ದರೆ, ಅವು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ನವು ಎಂಬುದನ್ನು ಮರೆಯಬೇಡಿ. ಅಲ್ಲಿ ನಿಮ್ಮ ಕಾರ್ಡಿಗೆ ಅರ್ಧ ದರವೂ ಇಲ್ಲ.

ಪ್ರಶ್ನೆ: ನಾನು ಕಾರ್ಡಿಫ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷದಿಂದ ಕ್ಯಾಡೂ ಸದಸ್ಯೆ. ವೇಲ್ಸ್‌ನಲ್ಲಿಯೇ ಇರುವ ಒಂದು ಹಳೆಯ ಕೋಟೆಮನೆಗೆ ಮೈಸೂರಿನಿಂದ ಬಂದ ಅತ್ತೆ ಮಾವನನ್ನು ಕರೆದುಕೊಂಡು ಹೋದಾಗ ನನ್ನ ಕಾರ್ಡ್ ನಡೆಯುವುದಿಲ್ಲ ಎಂದರು. ಎಲ್ಲರಿಗೂ ಪೂರ್ಣ ಟಿಕೆಟ್ ಕೊಂಡು ಒಳಗೆ ಹೋಗಬೇಕಾಯಿತು. ವೇಲ್ಸ್‌ನ ಕಾರ್ಡ್ ವೇಲ್ಸ್‌ನಲ್ಲಿಯೇ ನಡೆಯದಿದ್ದರೆ ಅದರಿಂದ ಏನು ಪ್ರಯೋಜನ?
– ಕಾರ್ಡಿಫ್‌ನ ಓದುಗರು

ಉತ್ತರ: ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೌಂಟರ್‌ನಲ್ಲಿ ಅಂಥ ಮಾತು ಕೇಳುವುದು ಬೇಸರದ ಸಂಗತಿಯೇ. ಆದರೆ ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ನನಗೆ ತೋರುತ್ತದೆ. ಒಂದು ತಾಣ ಯಾವ ನಾಡಿನಲ್ಲಿದೆ ಎಂಬುದರ ಮೇಲೆ ಕಾರ್ಡ್ ನಡೆಯುವುದಿಲ್ಲ, ಅದನ್ನು ಯಾವ ಸಂಸ್ಥೆ ನೋಡಿಕೊಳ್ಳುತ್ತಿದೆ ಎಂಬುದರ ಮೇಲೆ ನಡೆಯುತ್ತದೆ. ವೇಲ್ಸ್ ಭಾಷೆಯಲ್ಲಿ ಕ್ಯಾಡೂ ಎಂದರೆ ಕಾಪಾಡು, ಉಳಿಸು ಎಂಬ ಅರ್ಥ. ಒಂದನೆಯ ಎಡ್ವರ್ಡ್ ದೊರೆ ಕಟ್ಟಿಸಿದ ಕಾನ್ವಿ, ಕೆರ್ನಾರ್ವಾನ್, ಹಾರ್ಲೆಕ್, ಬ್ಯೂಮಾರಿಸ್ ಕೋಟೆಗಳು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಂಥವು, ಅದರ ಆರೈಕೆಯಲ್ಲಿವೆ. ಅದೇ ವೇಲ್ಸ್‌ನಲ್ಲಿ ನ್ಯಾಷನಲ್ ಟ್ರಸ್ಟಿನ ಮನೆಗಳು, ತೋಟಗಳೂ ಇವೆ. ಅಲ್ಲಿ ಕ್ಯಾಡೂ ಕಾರ್ಡ್ ನಡೆಯುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ ಕನ್ನಡಿಗರೆಲ್ಲರೂ ಒಮ್ಮೆ ನೋಡಬೇಕಾದ ಜಾಗವೇ ಆಗಿದೆ. ವೆಲ್ಷ್‌ಪೂಲ್ ಊರಿನ ಪೊವಿಸ್ ಕೋಟೆ ವೇಲ್ಸ್‌ನಲ್ಲಿದೆ, ಆದರೆ 1952ರಿಂದ ನ್ಯಾಷನಲ್ ಟ್ರಸ್ಟಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್ ಅಷ್ಟು ಹೊತ್ತಿಗೆ ತೀರಿಹೋಗಿ 24 ವರ್ಷ ದಾಟಿತ್ತು. ಇವನು ಆತನ ಮಗ. ಹಾಗಾಗಿ ಟಿಪ್ಪುವಿಗೆ ಸೇರಿದ ವಸ್ತುಗಳು ಈ ಮನೆತನದ ಕೈಸೇರಿ ಇಂದು ಪೊವಿಸ್‌ನ ಕ್ಲೈವ್ ಸಂಗ್ರಹದಲ್ಲಿವೆ. ಸಿಂಹಾಸನದ ಸುತ್ತುಕಟ್ಟೆಯ ಮೇಲಿದ್ದ ಹುಲಿತಲೆಗಳಲ್ಲಿ ಒಂದನ್ನು ಅಲ್ಲಿ ನೋಡಬಹುದು. ಚಿತ್ರದಲ್ಲಿ ನೋಡಿದವರು ದೊಡ್ಡದೆಂದು ಭಾವಿಸಿರುತ್ತಾರೆ. ಎದುರಿಗೆ ನಿಂತಾಗ ಅದು ಮುಷ್ಟಿಯೊಳಗೆ ಅಡಗುವಷ್ಟೇ ಇದೆ. ಚಿನ್ನದ ಮುಖ, ಅದರಲ್ಲಿ ಕೂರಿಸಿದ ಕೆಂಪು, ವಜ್ರ, ಪಚ್ಚೆ, ತೆರೆದ ಬಾಯಿ. ಟಿಪ್ಪುವಿನ ಡೇರೆಯ ಹತ್ತಿಬಟ್ಟೆಯೂ ಅಲ್ಲಿದೆ, ಹೂದಾನಿಯಿಂದ ಮೇಲೆದ್ದ ಹೂಬಳ್ಳಿಗಳ ಚಿತ್ತಾರ ಅದರ ಮೇಲಿದೆ. ದರಿಯಾ ದೌಲತ್ತಿನ ಗೋಡೆಗಳ ಬಣ್ಣವನ್ನು ಕಂಡ ಮೈಸೂರು ಸೀಮೆಯವರು ಆ ಬಟ್ಟೆಯ ಮುಂದೆ ಸುಮ್ಮನೆ ನಿಂತುಬಿಡುತ್ತಾರೆ. ನಾನೂ ನಿಂತಿದ್ದೆ. ಅದನ್ನು ನೋಡಲು ಕೊಟ್ಟ ಟಿಕೆಟ್ಟಿನ ಹಣ ನನಗೆ ಎಂದೂ ದುಬಾರಿ ಎನ್ನಿಸಲಿಲ್ಲ.

ನಿಮ್ಮ ಸದಸ್ಯತ್ವದಿಂದ ಪ್ರಯೋಜನವಿಲ್ಲ ಎನ್ನಬೇಡಿ. ಮೂರನೆಯ ವರ್ಷದ ಕ್ಯಾಡೂ ಸದಸ್ಯೆಯಾದ ನಿಮಗೆ ಇಂಗ್ಲಿಷ್ ಹೆರಿಟೇಜ್‌ನ ಡೋವರ್ ಕೋಟೆಗೂ, ಕಾರ್ನ್‌ವಾಲ್‌ನ ಟಿಂಟಾಜೆಲ್‌ಗೂ, ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೂ ಉಚಿತ ಪ್ರವೇಶವಿದೆ. ನಿಮ್ಮ ಪತ್ರ ಓದಿದರೆ ಇಷ್ಟು ದಿನ ನೀವು ಅದನ್ನು ವೇಲ್ಸ್ ಬಿಟ್ಟು ಹೊರಗೆ ತೋರಿಸಿಯೇ ಇಲ್ಲವೆಂದು ಕಾಣುತ್ತದೆ. ಕಾರ್ಡಿಫ್‌ನಿಂದ ಸೆವರ್ನ್ ಸೇತುವೆ ದಾಟಿದರೆ ಆಯಿತು, ಅಲ್ಲಿಂದಾಚೆ ನಿಮ್ಮ ಕಾರ್ಡಿನ ಇನ್ನೊಂದು ಲೋಕ ಶುರುವಾಗುತ್ತದೆ.

ಪ್ರಶ್ನೆ: ಇಂಗ್ಲಿಷ್ ಹೆರಿಟೇಜ್ ಅಥವಾ ನ್ಯಾಷನಲ್ ಟ್ರಸ್ಟ್ ಕಾರ್ಡ್ ಇದ್ದರೆ ಕೊಹಿನೂರ್ ವಜ್ರ ಇರುವ ಟವರ್ ಆಫ್ ಲಂಡನ್‌ಗೆ ರಿಯಾಯಿತಿ ಇದೆಯೇ?
– ಹ್ಯಾರೋ, ಲಂಡನ್

ಉತ್ತರ: ಇಲ್ಲ. ಟವರ್ ಆಫ್ ಲಂಡನ್, ಹ್ಯಾಂಪ್ಟನ್ ಕೋರ್ಟ್, ಕೆನ್ಸಿಂಗ್‌ಟನ್ ಅರಮನೆಗಳು ಹಿಸ್ಟಾರಿಕ್ ರಾಯಲ್ ಪ್ಯಾಲೆಸಸ್ ಎಂಬ ಪ್ರತ್ಯೇಕ ಸಂಸ್ಥೆಯವು; ಮೇಲೆ ಹೇಳಿದ ಎರಡು ಮನೆತನಗಳಿಗೂ ಅದು ಸೇರಿಲ್ಲ. ಲಂಡನ್ನಿನಲ್ಲಿಯೇ ಇದ್ದು, ನೆಂಟರು ಬಂದಾಗಲೆಲ್ಲ ಟವರ್‌ಗೆ ಕರೆದೊಯ್ಯುವ ನಿಮ್ಮಂಥವರು ಆ ಸಂಸ್ಥೆಯ ಸದಸ್ಯತ್ವದ ಲೆಕ್ಕವನ್ನು ಬೇರೆಯಾಗಿ ಹಾಕಬೇಕು. ವಿಂಡ್ಸರ್ ಕೋಟೆಯ ಪ್ರವೇಶವನ್ನು ನೋಡಿಕೊಳ್ಳುವುದು ರಾಯಲ್ ಕಲೆಕ್ಷನ್ ಟ್ರಸ್ಟ್. ಅಲ್ಲಿ ಟಿಕೆಟನ್ನು ನೇರವಾಗಿ ಆ ಟ್ರಸ್ಟಿನಿಂದಲೇ ಕೊಂಡವರು, ಹೊರಬರುವ ಮುನ್ನ ಸಿಬ್ಬಂದಿಯನ್ನು ಕೇಳಿ ಅದನ್ನು ಒಂದು ವರ್ಷದ ಪಾಸಾಗಿ ಬದಲಿಸಿಕೊಳ್ಳಬಹುದು. ಮಧ್ಯವರ್ತಿ ಪ್ರವಾಸ ಕಂಪನಿಯಿಂದ ಕೊಂಡ ಟಿಕೆಟ್ಟಿಗೆ ಈ ಸೌಲಭ್ಯವಿಲ್ಲ. ನೆಂಟರ ಜೊತೆ ಮೂರು ಸಲ ವಿಂಡ್ಸರ್‌ಗೆ ಹೋಗುವ ಕುಟುಂಬಕ್ಕೆ ಇದೊಂದರಿಂದಲೇ ಒಳ್ಳೆಯ ಮೊತ್ತ ಉಳಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಲೆಸ್ಟರ್‌ನಲ್ಲಿರುವ ಮಗನ ಮನೆಗೆ ಪತ್ನಿಯೊಂದಿಗೆ 3 ತಿಂಗಳಿಗೆ ಹೋಗುತ್ತಿದ್ದೇನೆ. ಪ್ರವಾಸಿಗರಿಗೆಂದೇ ಪಾಸ್ ಇದೆ ಎಂದು ಮಗ ಹೇಳುತ್ತಾನೆ. ಅದನ್ನು ಕೊಳ್ಳುವುದೇ, ಅಥವಾ ಮಗನಂತೆ ನಾವೂ ಸದಸ್ಯರಾಗುವುದೇ?
– ತುಮಕೂರಿನ ಓದುಗರು

ಉತ್ತರ: ಗುರುಗಳೇ, ಇಂಗ್ಲಿಷ್ ಹೆರಿಟೇಜ್ ಹೊರದೇಶದ ಪ್ರವಾಸಿಗರಿಗೆ 9 ದಿನದ ಮತ್ತು 16 ದಿನದ ಪಾಸ್ ಕೊಡುತ್ತದೆ. ಅವು ಒಂದೇ ಸಮನೆ ಎಣಿಸುವ ದಿನಗಳು. ಮೊದಲ ದಿನ ಬಳಸಿದ ಮೇಲೆ ನೀವು ಮನೆಯಲ್ಲಿ ಕುಳಿತರೂ ದಿನ ಕಳೆಯುತ್ತಲೇ ಇರುತ್ತದೆ. ರೈಲಿನಲ್ಲಿ ಊರೂರು ತಿರುಗುವವರಿಗೆ ಅದು ಸರಿ. ಮಗನ ಮನೆಯಲ್ಲಿ ಉಳಿದುಕೊಂಡು, ಅವನಿಗೆ ರಜೆ ಇರುವ ಶನಿವಾರ ಭಾನುವಾರಗಳಲ್ಲಿ ಮಾತ್ರ ಹೊರಡುವ ನಿಮಗೆ 16 ದಿನದ ಪಾಸಿನಲ್ಲಿ ಸಿಗುವುದು ಎರಡೋ ಮೂರೋ ವಾರಾಂತ್ಯ. 3 ತಿಂಗಳಲ್ಲಿ 12 ವಾರಾಂತ್ಯಗಳಿವೆ. ಅವುಗಳಲ್ಲಿ ಐದಾರು ದಿನ ನೀವು ಹೊರಗೆ ಹೋದರೂ ವಾರ್ಷಿಕ ಸದಸ್ಯತ್ವ ಲಾಭವಾಗಬಹುದು, ವರ್ಷದ ಉಳಿದ 9 ತಿಂಗಳು ಅದು ಉಪಯೋಗಕ್ಕೆ ಬಾರದಿದ್ದರೂ ಕೂಡ. ಹಿರಿಯ ನಾಗರಿಕರ ದರ ಇದೆಯೇ ಎಂದು ಕೇಳಿ. ಮೊದಲ ತಾಣದಲ್ಲಿ ಟಿಕೆಟ್ ಕೊಂಡ ದಿನವೇ ಸೇರಿದರೆ ಆ ಟಿಕೆಟ್ ಹಣವನ್ನು ಸದಸ್ಯತ್ವಕ್ಕೆ ಹಿಡಿದುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಹಲವು ಕಡೆ ಹಿಡಿದುಕೊಳ್ಳುತ್ತಾರೆ.

ನಿಮ್ಮ ವಿಷಯದಲ್ಲಿ ಪರಸ್ಪರ ಪ್ರವೇಶಕ್ಕೆ ಹೆಚ್ಚಿನ ತೂಕ ಕೊಡಬೇಕಾಗಿಲ್ಲ, ಏಕೆಂದರೆ ನೀವು ಎರಡನೆಯ ವರ್ಷ ಅಲ್ಲಿರುವುದಿಲ್ಲ. ಇಂಗ್ಲೆಂಡಿನ ತಾಣಗಳನ್ನೇ ನೆಮ್ಮದಿಯಾಗಿ ನೋಡಿ. ವೈಟ್ ದ್ವೀಪದ ಆಸ್ಬೋರ್ನ್ ಹೌಸನ್ನು ಬಿಡಬೇಡಿ. ಅದು ರಾಣಿ ವಿಕ್ಟೋರಿಯಾಳ ಸ್ವಂತ ಮನೆ. ಅಲ್ಲಿನ ದರ್ಬಾರ್ ಕೋಣೆಯ ಗೋಡೆ, ಮಾಳಿಗೆಗಳ ಬಿಳಿಯ ಗಾರೆ ಕೆತ್ತನೆಯ ವಿನ್ಯಾಸ ಪಂಜಾಬಿನ ಭಾಯಿ ರಾಮ್ ಸಿಂಗ್ ಅವರದು. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ಕ್ರೈಸ್ತ ದೀಕ್ಷಾಸ್ನಾನವಾದಾಗ ಧರ್ಮಮಾತೆಯಾಗಿ ನಿಂತವಳು ಇದೇ ವಿಕ್ಟೋರಿಯಾ. ಪಾಠ ಹೇಳಿದವರಿಗೆ ಆ ಮನೆಯಲ್ಲಿ ಯೋಚಿಸಲು ಬಹಳಷ್ಟು ಸಿಗುತ್ತದೆ.

ಪ್ರಶ್ನೆ: ನ್ಯಾಷನಲ್ ಟ್ರಸ್ಟ್‌ಗೆ ನೇರವಾಗಿ ಸೇರುವ ಬದಲು ಸ್ಕಾಟ್ಲೆಂಡಿನ ಟ್ರಸ್ಟಿಗೆ ಸೇರಿದರೆ ಅಗ್ಗ, ಆಸ್ಟ್ರೇಲಿಯಾದ ಟ್ರಸ್ಟಿಗೆ ಸೇರಿದರೆ ಇನ್ನೂ ಅಗ್ಗ ಎಂದು ಗೆಳೆಯರು ಹೇಳುತ್ತಾರೆ. ನನ್ನ ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಅವಳ ವಿಳಾಸ ಕೊಟ್ಟು ಸೇರಬಹುದೇ?
– ಸ್ಲೌ ಪಟ್ಟಣದ ಓದುಗರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಬೆರೆತಿವೆ, ಅವನ್ನು ಬಿಡಿಸಿ ಉತ್ತರಿಸುತ್ತೇನೆ.

ಇಂಗ್ಲೆಂಡಿನಲ್ಲಿ ವಾಸಿಸುವವರು ನಿಜವಾದ ವಿಳಾಸ ಕೊಟ್ಟು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ಗೆ ಸೇರುವುದರಲ್ಲಿ ಮುಚ್ಚುಮರೆ ಇಲ್ಲ. ಇಂಗ್ಲಿಷ್ ಹೆರಿಟೇಜ್ ಬದಲು ಕ್ಯಾಡೂಗೆ ಸೇರಿ, ಮೊದಲ ವರ್ಷ ಇಂಗ್ಲೆಂಡಿನಲ್ಲಿ ಅರ್ಧ ದರ ಕೊಟ್ಟು, ಎರಡನೆಯ ವರ್ಷದಿಂದ ಉಚಿತವಾಗಿ ಹೋಗುವವರೂ ಇದ್ದಾರೆ. ಆ ಸಂಸ್ಥೆಗಳು ನಿಮ್ಮನ್ನು ಸದಸ್ಯರಾಗಿ ಒಪ್ಪಿಕೊಂಡಿವೆ, ನಿಮ್ಮ ಹಣ ಅಲ್ಲಿನ ಕೋಟೆಗಳ ದುರಸ್ತಿಗೆ ಹೋಗುತ್ತದೆ. ಇದು ಪೂರ್ತಿಯಾಗಿ ಸರಿಯಾದ ಉಳಿತಾಯ. ಒಂದು ಎಚ್ಚರಿಕೆ ಮಾತ್ರ ಬೇಕು: ಸ್ಟೋನ್‌ಹೆಂಜ್‌ನಲ್ಲಿ ನ್ಯಾಷನಲ್ ಟ್ರಸ್ಟ್ ಸದಸ್ಯರಿಗಿರುವ ಸೌಲಭ್ಯ ಅಲ್ಲಿನ ಭೂಮಿಯ ಒಡೆತನದಿಂದ ಬಂದದ್ದಾದ್ದರಿಂದ, ಸ್ಕಾಟ್ಲೆಂಡಿನ ಟ್ರಸ್ಟಿನ ಕಾರ್ಡ್ ಅಲ್ಲಿಯೂ ನಡೆಯುತ್ತದೆಂದು ಎಣಿಸಿಕೊಂಡು ಹೊರಡಬೇಡಿ.

ತಂಗಿಯ ವಿಳಾಸ ಕೊಡುವುದು ಬೇರೆಯೇ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ಹೊರದೇಶದ ಟ್ರಸ್ಟುಗಳ ಜೊತೆಗಿನ ಒಪ್ಪಂದಗಳು ನಿಂತಿರುವುದು ಅತಿಥಿ ಮರ್ಯಾದೆಯ ಮೇಲೆ. ಮೆಲ್ಬರ್ನ್‌ನಲ್ಲಿ ವರ್ಷವಿಡೀ ತನ್ನ ಊರಿನ ಹಳೆಯ ಮನೆಗಳಿಗೆ ಹಣ ಕೊಡುವ ನಿಮ್ಮ ತಂಗಿ ಇಂಗ್ಲೆಂಡಿಗೆ ಬಂದಾಗ ಅವಳನ್ನು ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. ನೀವು ಅಲ್ಲಿಗೆ ಹೋದಾಗ ಅವರು ನಿಮ್ಮನ್ನು ಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಇರುವವರೇ ಸುಳ್ಳು ವಿಳಾಸದಲ್ಲಿ ಅತಿಥಿಗಳಾಗಿ ಬಂದರೆ, ವಾರ ವಾರ ನೀವು ನಡೆದಾಡುವ ತೋಟದ ಮಾಲಿಗೆ ಸಂಬಳ ಕೊಡುವ ಟ್ರಸ್ಟಿಗೆ ನಿಮ್ಮಿಂದ ಏನೂ ಸೇರುವುದಿಲ್ಲ. ಅಂಥವರು ಹೆಚ್ಚಾದಂತೆ ಸಂಸ್ಥೆಗಳು ನಿಯಮ ಬಿಗಿ ಮಾಡುತ್ತವೆ, ಆಗ ಕಷ್ಟಪಡುವವರು ನಿಜವಾದ ಅತಿಥಿಗಳು.

ಖರ್ಚು ತಗ್ಗಿಸಲು ನೇರವಾದ ದಾರಿಗಳೇ ಸಾಕಷ್ಟಿವೆ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರು ನ್ಯಾಷನಲ್ ಟ್ರಸ್ಟ್ ಅಥವಾ ಇಂಗ್ಲಿಷ್ ಹೆರಿಟೇಜ್ ಸದಸ್ಯತ್ವಕ್ಕೆ ಗಿಫ್ಟ್ ಏಡ್ ಎಂಬ ಒಪ್ಪಿಗೆಯ ಗುರುತು ಹಾಕಿದರೆ, ನೀವು ಕೊಡುವ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಆ ಸಂಸ್ಥೆಗೆ ಸೇರುತ್ತದೆ, ನಿಮಗೆ ಹೆಚ್ಚಿನ ಖರ್ಚಿಲ್ಲ. ಹೆಚ್ಚಿನ ದರದ ತೆರಿಗೆ ಕಟ್ಟುವವರು ತಮ್ಮ ತೆರಿಗೆ ವಿವರ ಸಲ್ಲಿಸುವಾಗ ವ್ಯತ್ಯಾಸದ ಒಂದು ಪಾಲನ್ನು ವಾಪಸ್ಸು ಕೇಳಬಹುದು. ಪ್ರತಿ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ನಡೆಯುವ ಹೆರಿಟೇಜ್ ಓಪನ್ ಡೇಸ್ ಸಮಯದಲ್ಲಿ ಸದಸ್ಯರಲ್ಲದವರಿಗೂ ಎಷ್ಟೋ ಬಾಗಿಲುಗಳು ಉಚಿತವಾಗಿ ತೆರೆಯುತ್ತವೆ. ವರ್ಷಕ್ಕೆ ಎರಡೇ ಸಲ ಹೊರಡುವ ಕುಟುಂಬಕ್ಕೆ ಅಷ್ಟೇ ಸಾಕು, ಯಾವ ಸದಸ್ಯತ್ವವೂ ಬೇಡ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಮುಂದಿನ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ಆಲೋಚನೆ. ನಮಗೆ ಇಂಥ ಯಾವುದಾದರೂ ದಾರಿ ಇದೆಯೇ?
– ಎಡಿಸನ್‌ನ ಓದುಗರು

ಉತ್ತರ: ಇದೆ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟಿನ ಅಮೆರಿಕದ ಅಂಗಸಂಸ್ಥೆಯಾಗಿ ರಾಯಲ್ ಓಕ್ ಫೌಂಡೇಷನ್ ಕೆಲಸ ಮಾಡುತ್ತದೆ. ಅದರ ಸದಸ್ಯರಿಗೆ ನ್ಯಾಷನಲ್ ಟ್ರಸ್ಟ್ ಮತ್ತು ಸ್ಕಾಟ್ಲೆಂಡಿನ ಟ್ರಸ್ಟ್ ಎರಡರ ತಾಣಗಳಿಗೂ ಉಚಿತ ಪ್ರವೇಶವಿದೆ. ಪಾರ್ಕಿಂಗ್ ಕೂಡ ಸೇರಿದೆಯೇ ಎಂಬುದನ್ನು ಬಾಡಿಗೆ ಕಾರು ಹಿಡಿಯುವ ಮುನ್ನ ವಿಚಾರಿಸಿ. ಕಾರ್ಡ್ ಅಂಚೆಯಲ್ಲಿ ಬರುವುದಕ್ಕೆ ಸಾಕಷ್ಟು ಮುಂಚೆಯೇ ಸೇರಿಕೊಳ್ಳಿ.

ನಿಮ್ಮ ದೇಶದೊಳಗೆ ಟೈಮ್ ಟ್ರಾವೆಲರ್ಸ್ ಎಂಬ ಜಾಲವಿದ್ದು, ಇತಿಹಾಸದ ವಸ್ತುಸಂಗ್ರಹಾಲಯಗಳೂ ಸ್ಥಳೀಯ ಇತಿಹಾಸ ಸಂಘಗಳೂ ಅದರಲ್ಲಿ ಪರಸ್ಪರ ಸದಸ್ಯರನ್ನು ಬರಮಾಡಿಕೊಳ್ಳುತ್ತವೆ. ಕಲೆ, ಇತಿಹಾಸ, ಉದ್ಯಾನ ಎಲ್ಲ ಸೇರಿದ ಇನ್ನೂ ದೊಡ್ಡ ಜಾಲ ಉತ್ತರ ಅಮೆರಿಕದ ರೆಸಿಪ್ರೊಕಲ್ ಮ್ಯೂಸಿಯಂ ಸಂಘದ್ದು. ಈ ಎರಡನೆಯದಕ್ಕೆ ಸಾಮಾನ್ಯವಾಗಿ ಕನಿಷ್ಠ ದರದ ಸದಸ್ಯತ್ವ ಸಾಲದು, ಒಂದೆರಡು ಮೆಟ್ಟಿಲು ಮೇಲಿನದು ಬೇಕು. ಆದರೆ ಯಾವ ಮ್ಯೂಸಿಯಂ ಮೂಲಕ ಸೇರುತ್ತೀರಿ ಎಂಬುದನ್ನು ನೀವೇ ಆರಿಸಬಹುದು. ದೊಡ್ಡ ನಗರದ ಪ್ರಸಿದ್ಧ ಮ್ಯೂಸಿಯಂನ ಆ ಮೆಟ್ಟಿಲಿಗಿಂತ ಸಣ್ಣ ಊರಿನ ಇತಿಹಾಸ ಸಂಘದ ಅದೇ ಮೆಟ್ಟಿಲು ಎಷ್ಟೋ ಅಗ್ಗವಾಗಿರುತ್ತದೆ, ಬಾಗಿಲುಗಳು ಮಾತ್ರ ಅಷ್ಟೇ ತೆರೆಯುತ್ತವೆ. ಮನೆಯ ಹತ್ತಿರದ ತಾಣಗಳಲ್ಲಿ ಕೆಲವು ನಿರ್ಬಂಧ ಹೇರುವುದುಂಟು, ಆದ್ದರಿಂದ ಪಟ್ಟಿಯ ಅಡಿಯಲ್ಲಿ ಕೊಟ್ಟಿರುವ ಷರತ್ತುಗಳನ್ನು ಓದಿಕೊಳ್ಳಿ.

ಪ್ರಶ್ನೆ: ನಾವು ಬ್ರಿಟಿಷ್ ಪೌರತ್ವ ತೆಗೆದುಕೊಂಡು 6 ವರ್ಷವಾಯಿತು. ಡಿಸೆಂಬರ್‌ನಲ್ಲಿ ಮಕ್ಕಳಿಗೆ ಹಂಪಿ, ಪಟ್ಟದಕಲ್ಲು ತೋರಿಸಲು ಬರುತ್ತಿದ್ದೇವೆ. ಅಲ್ಲಿ ನ್ಯಾಷನಲ್ ಟ್ರಸ್ಟ್ ಕಾರ್ಡ್ ನಡೆಯುತ್ತದೆಯೇ? ಇಲ್ಲದಿದ್ದರೆ ವಿದೇಶಿಯರ ದರ ಕೊಡಬೇಕೇ?
– ಮಿಲ್ಟನ್ ಕೀನ್ಸ್‌ನ ಓದುಗರು

ಉತ್ತರ: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರಸ್ಟಿನ ಕಾರ್ಡ್ ನಡೆಯುವುದಿಲ್ಲ. ಆದರೆ ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ಕಾರ್ಡ್ ಇರಬಹುದು. ಸಾಗರೋತ್ತರ ಭಾರತೀಯ ಪೌರರೆಂದು ಗುರುತಿಸುವ ಓಸಿಐ ಕಾರ್ಡ್ ಉಳ್ಳವರಿಗೆ ರಾಷ್ಟ್ರೀಯ ಸ್ಮಾರಕಗಳು, ಐತಿಹಾಸಿಕ ತಾಣಗಳು, ವಸ್ತುಸಂಗ್ರಹಾಲಯಗಳ ಪ್ರವೇಶ ಶುಲ್ಕದಲ್ಲಿ ಭಾರತೀಯರ ದರವೇ ಅನ್ವಯಿಸುತ್ತದೆಂದು ಕೇಂದ್ರ ಸರ್ಕಾರ 2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಂಪಿ, ಪಟ್ಟದಕಲ್ಲುಗಳಂಥ ವಿಶ್ವ ಪರಂಪರೆಯ ತಾಣಗಳಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ. ನೀವಿಬ್ಬರು ಎರಡೂ ಕಡೆ ಹೋದರೆ 2,400 ರೂಪಾಯಿ ಆಗಬೇಕಾದದ್ದು 160 ರೂಪಾಯಿಗೆ ಮುಗಿಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ನಮ್ಮಲ್ಲಿಯೂ ನೆರೆಹೊರೆಯ ಮರ್ಯಾದೆಯ ಒಂದು ಪದ್ಧತಿ ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಕೂಟಗಳ ದೇಶದವರಿಗೂ, ಅಂದರೆ ನೇಪಾಳ, ಶ್ರೀಲಂಕಾ, ಭೂತಾನ್, ಥಾಯ್ಲೆಂಡ್ ಮುಂತಾದ ದೇಶಗಳ ಪ್ರವಾಸಿಗರಿಗೂ, ಈ ತಾಣಗಳಲ್ಲಿ ಭಾರತೀಯರ ದರವೇ ಇದೆ. ನಿಮ್ಮ ಜೊತೆ ಅಂಥ ಸ್ನೇಹಿತರು ಬರುವುದಿದ್ದರೆ ಅವರು ಪಾಸ್‌ಪೋರ್ಟ್ ಇಟ್ಟುಕೊಂಡಿರಲಿ.

ನೀವು ಮೂಲ ಓಸಿಐ ಕಾರ್ಡನ್ನೇ ತನ್ನಿ, ಫೋನಿನಲ್ಲಿ ತೆಗೆದ ಚಿತ್ರವನ್ನು ನೆಚ್ಚಿಕೊಳ್ಳಬೇಡಿ. ಕೌಂಟರ್‌ನಲ್ಲಿರುವವರು ನಿಮ್ಮ ಮಕ್ಕಳ ಇಂಗ್ಲಿಷ್ ಮಾತು ಕೇಳಿ ವಿದೇಶಿಯರ ಟಿಕೆಟ್ ಹರಿಯುವ ಮುನ್ನವೇ ಕಾರ್ಡ್ ಮುಂದಿಡಿ. ಹಂಪಿಯಲ್ಲಿ ವಿಠ್ಠಲ ದೇವಾಲಯಕ್ಕೆ ಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್, ಆನೆಲಾಯಗಳಿರುವ ರಾಣಿವಾಸದ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ. ಆದ್ದರಿಂದ ಬೆಳಿಗ್ಗೆ ಕಲ್ಲಿನ ರಥ ನೋಡಿ ಬಂದ ಮೇಲೆ ಟಿಕೆಟ್ಟನ್ನು ಮಕ್ಕಳ ಕೈಗೆ ಆಟಕ್ಕೆ ಕೊಡದೆ ಜೇಬಿನಲ್ಲಿ ಜೋಪಾನವಾಗಿಡಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹಂಪಿಯ ದಿನವನ್ನು ಅದನ್ನು ತಪ್ಪಿಸಿ ಇಟ್ಟುಕೊಳ್ಳಿ.